ಖಳನಿಗೆ ಎಷ್ಟು ಹೆಸರು!

ಪಡೀಲಿನ ಮಂಗಳೂರು ಜಂಕ್ಷನ್‌ನಲ್ಲಿ ರೈಲು ಇಳಿದವರ ಕಿವಿಗೆ ತುಳು, ಕನ್ನಡ, ಬ್ಯಾರಿ, ಕೊಂಕಣಿ ಒಟ್ಟಿಗೇ ಬೀಳುತ್ತವೆ. ಸಿನಿಮಾದ ಮಾತು ಬಂದರೆ ಮಾತ್ರ ಎಲ್ಲರ ಬಾಯಲ್ಲೂ ಒಂದೇ ಪದ: ‘ವಿಲನ್’.

ಆ ಪದದ ಹುಟ್ಟಿನಲ್ಲೇ ಅನ್ಯಾಯವಿದೆ. ಲ್ಯಾಟಿನ್‌ನ ‘ವಿಲಾನುಸ್’ ಎಂದರೆ ಜಮೀನ್ದಾರನ ‘ವಿಲ್ಲಾ’ದಲ್ಲಿ ದುಡಿಯುವ ಕೃಷಿಕ. ಫ್ರೆಂಚ್ ದಾಟಿ ಇಂಗ್ಲಿಷಿಗೆ ಬರುವಷ್ಟರಲ್ಲಿ ಉಳ್ಳವರ ತಾತ್ಸಾರ ಅದಕ್ಕೆ ಅಂಟಿಕೊಂಡಿತು. ಮೊದಲು ಒರಟ, ಆಮೇಲೆ ದುಷ್ಟ. ಹೊಲದಲ್ಲಿ ಬೆವರು ಸುರಿಸಿದವನ ಹೆಸರೇ ಬೈಗುಳವಾಯಿತು.

ಅರಬ್ಬಿಯ ದಾರಿ ಬೇರೆ. ‘ಶರ್ರ್’ ಎಂದರೆ ಕೆಡುಕು. ಅದರಿಂದ ಹುಟ್ಟಿದ ‘ಶಿರ್ರೀರ್’ ಕಥೆಯ ಖಳನಿಗೂ ಸಲ್ಲುತ್ತದೆ. ದಬ್ಬಾಳಿಕೆ ನಡೆಸುವವನು ‘ಝಾಲಿಮ್’, ಅಪರಾಧಿ ‘ಮುಜ್ರಿಮ್’. ಇಲ್ಲಿ ಹೆಸರು ಬರುವುದು ಮಾಡಿದ ಕೃತ್ಯದಿಂದ, ಹುಟ್ಟಿದ ಮನೆಯಿಂದಲ್ಲ.

ಕನ್ನಡಕ್ಕೂ ಅರಬ್ಬಿಯ ನಂಟಿದೆ. ‘ಖದೀಮ’ ಅರಬ್ಬಿಯಲ್ಲಿ ಬರೀ ‘ಹಳೆಯ’. ಖದೀಮ ಕಳ್ಳನೆಂದರೆ ಪಳಗಿದ ಕಳ್ಳ. ಕಡೆಗೆ ಕಳ್ಳ ಬಿಟ್ಟುಹೋಗಿ ಖದೀಮನೇ ಉಳಿದ. ‘ಬದ್ಮಾಶ್’ ಪದದಲ್ಲಿ ಪಾರಸಿಯ ‘ಬದ್’ (ಕೆಟ್ಟ) ಜೊತೆ ಅರಬ್ಬಿಯ ‘ಮಆಶ್’ (ಜೀವನೋಪಾಯ) ಸೇರಿದೆ.

ಖಳನನ್ನು ಗೌರವದಿಂದ ಕಂಡ ಪರಂಪರೆಯೂ ನಮ್ಮದೇ. ತೆಂಕುತಿಟ್ಟು ಯಕ್ಷಗಾನದಲ್ಲಿ ರಾವಣ, ಮಹಿಷಾಸುರರಂಥ ಬಣ್ಣದ ವೇಷಕ್ಕೆ ಕಲಾವಿದರು ಗಂಟೆಗಟ್ಟಲೆ ಕುಳಿತು ಮುಖದ ಮೇಲೆ ಚುಟ್ಟಿ ಇಡುತ್ತಾರೆ. ತಾಳಮದ್ದಳೆಯಲ್ಲಿ ಕೌರವನ ಅರ್ಥ ಹೇಳುವವರು ಅವನ ಪರ ನಿಂತು ವಾದಿಸುತ್ತಾರೆ. ರನ್ನನ ‘ಗದಾಯುದ್ಧ’ದ ದುರ್ಯೋಧನ ಛಲದಂಕಮಲ್ಲ, ನಾಗಚಂದ್ರನ ರಾಮಾಯಣದ ರಾವಣ ಸೀತೆಯ ದೃಢತೆ ಕಂಡು ಪಶ್ಚಾತ್ತಾಪಪಡುತ್ತಾನೆ.