ಲೆಕ್ಕದ ಪುಸ್ತಕವೂ ಭಕ್ತಿಯ ಗಣಿತವೂ

ಲೆಕ್ಕವಿಲ್ಲದೆ ನಮ್ಮವರ ದಿನ ಕಳೆಯುವುದಿಲ್ಲ. ಹೋಟೆಲಿನ ಗಲ್ಲಾಪೆಟ್ಟಿಗೆಯ ಬಳಿ ಕುಳಿತವನಿಗೆ ರಾತ್ರಿಯ ಜಮಾ-ಖರ್ಚು, ಕಚೇರಿಯ ಗುಮಾಸ್ತನಿಗೆ ಕಿರ್ದಿ-ಖಾತೆ, ಮಾಣಿಗೆ ಊರಿಗೆ ಕಳುಹಿಸಬೇಕಾದ ಹಣದ ಎಣಿಕೆ. ಆದರೆ ಗಣಿತಕ್ಕೂ ಭಕ್ತಿಗೂ ಏನು ಸಂಬಂಧವೆಂದು ಕೇಳಿದರೆ ಬಹುಮಂದಿ ನಕ್ಕಾರು. ಕ್ರೈಸ್ತ ಚಿಂತಕರಲ್ಲಿ ಕೆಲವರು ಈ ಸಂಬಂಧವನ್ನು ಶ್ರದ್ಧೆಯಿಂದ ಅರಸಿದ್ದಾರೆ. ಅವರ ವಿಚಾರಗಳಲ್ಲಿ ಎಲ್ಲ ಮತದವರಿಗೂ ಉಪಯುಕ್ತವಾದ ಅಂಶವಿದೆಯೆಂದು ತೋರಿದ್ದರಿಂದ ಅವುಗಳನ್ನು ವಾಚಕರ ಮುಂದಿಡುತ್ತಿದ್ದೇವೆ.

ಮಾರ್ಕನ ಸುವಾರ್ತೆಯ 12ನೆಯ ಅಧ್ಯಾಯದಲ್ಲಿ ಒಂದು ಪ್ರಸಂಗವುಂಟು. ಯೆರೂಸಲೇಮಿನ ದೇವಾಲಯದ ಕಾಣಿಕೆಪೆಟ್ಟಿಗೆಗೆ ಧನಿಕರು ಬಹಳ ಹಣ ಹಾಕುತ್ತಿದ್ದರು. ಬಡ ವಿಧವೆಯೊಬ್ಬಳು ಬಂದು ತನ್ನಲ್ಲಿದ್ದ ಎರಡು ಕಾಸುಗಳನ್ನು ಹಾಕಿದಳು. ಎಲ್ಲರಿಗಿಂತಲೂ ಹೆಚ್ಚು ಕೊಟ್ಟವಳು ಅವಳೇ ಎಂದು ಯೇಸು ಶಿಷ್ಯರಿಗೆ ತಿಳಿಸಿದನು. ಬರಿಯ ಮೊತ್ತವನ್ನು ನೋಡುವವನಿಗೆ ಈ ಲೆಕ್ಕ ತಪ್ಪು. ಪ್ರಮಾಣವನ್ನು ನೋಡುವವನಿಗೆ ಸರಿ. ಸಾವಿರವುಳ್ಳವನು ನೂರು ಕೊಟ್ಟರೆ ಹತ್ತರಲ್ಲೊಂದು ಪಾಲು. ಎರಡೇ ಉಳ್ಳವಳು ಎರಡನ್ನೂ ಕೊಟ್ಟರೆ ಪೂರ್ಣ ಪಾಲು. ಶಾಲೆಯಲ್ಲಿ ಕಲಿತ ಭಿನ್ನರಾಶಿಯೇ ಇಲ್ಲಿ ಧರ್ಮದ ಪಾಠವಾಗಿದೆ.

ಫ್ರಾನ್ಸಿನ ಬ್ಲೇಸ್ ಪಾಸ್ಕಲನು (1623-1662) ನಮ್ಮ ಗುಮಾಸ್ತರಿಗೆ ಹತ್ತಿರದವನು. ತೆರಿಗೆಯ ಅಧಿಕಾರಿಯಾಗಿದ್ದ ತಂದೆಯ ಶ್ರಮವನ್ನು ಹಗುರಗೊಳಿಸಲೆಂದು 1642ರಲ್ಲಿ, ತನಗೆ ಇಪ್ಪತ್ತು ತುಂಬುವ ಮೊದಲೇ, ಕೂಡಿಸಿ ಕಳೆಯುವ ಯಂತ್ರವೊಂದರ ರಚನೆಗೆ ತೊಡಗಿದನು. ಸಂಭವನೀಯತೆಯ ಗಣಿತಕ್ಕೆ ಅಡಿಪಾಯ ಹಾಕಿದವರಲ್ಲಿಯೂ ಅವನೊಬ್ಬನು. ಅವನ ಮರಣಾನಂತರ 1670ರಲ್ಲಿ ಪ್ರಕಟವಾದ ಚಿಂತನೆಗಳಲ್ಲಿ ಒಂದು ಪಣದ ವಾದವಿದೆ. ದೇವರಿದ್ದಾನೆಂದು ನಂಬಿ ಬಾಳಿದವನು ಪಣಕ್ಕಿಡುವುದು ಪರಿಮಿತವಾದುದು. ದೇವರಿದ್ದರೆ ಅವನಿಗೆ ದೊರೆಯುವ ಲಾಭ ಅನಂತ. ಅನಂತದ ಮುಂದೆ ಪರಿಮಿತವು ಸೊನ್ನೆಗೆ ಸಮಾನವೆಂಬುದು ಅವನ ತರ್ಕ.

ಲಾಭವನ್ನೆಣಿಸಿ ನಂಬುವುದು ವ್ಯಾಪಾರವಾದೀತೇ ಹೊರತು ಭಕ್ತಿಯಾಗದು ಎಂದು ಆಕ್ಷೇಪಿಸಿದವರುಂಟು. ಆ ಆಕ್ಷೇಪದಲ್ಲಿ ಹುರುಳಿದೆಯೆಂದು ನಾವೂ ಭಾವಿಸುತ್ತೇವೆ. ಆದರೆ ತರ್ಕ ಮಾತ್ರದಿಂದ ನಂಬಿಕೆ ಹುಟ್ಟದೆಂಬುದನ್ನು ಪಾಸ್ಕಲನೂ ಬಲ್ಲನು. ಆದುದರಿಂದಲೇ, ನಂಬಲಾರದವನು ಮೊದಲು ನಂಬಿದವರಂತೆ ನಡೆಯಲು ತೊಡಗಲಿ ಎಂದು ಅವನು ಸೂಚಿಸಿದನು.

ಪಾಸ್ಕಲನಿಗಿಂತ ಎರಡು ಶತಮಾನಗಳ ಹಿಂದೆ, 1401ರಲ್ಲಿ, ಜರ್ಮನಿಯ ಮೊಸೆಲ್ ನದಿಯ ದಡದಲ್ಲಿರುವ ಕ್ಯೂಸ್ ಎಂಬ ಊರಿನಲ್ಲಿ ನಿಕೋಲಸನು ಜನಿಸಿದನು. ಮುಂದೆ ಕಾರ್ಡಿನಲ್ ಪದವಿಗೇರಿದ ಈತನು 1440ರಲ್ಲಿ ಮುಗಿಸಿದ ಗ್ರಂಥವೊಂದರಲ್ಲಿ ಸೊಗಸಾದ ಉಪಮೆಯನ್ನು ಕೊಟ್ಟಿದ್ದಾನೆ. ವೃತ್ತದೊಳಗೆ ಒಂದು ಬಹುಭುಜಾಕೃತಿಯನ್ನು ಬರೆಯಿರಿ. ಭುಜಗಳು ನಾಲ್ಕಿದ್ದುದು ಎಂಟಾಗಲಿ, ಎಂಟು ಹದಿನಾರಾಗಲಿ. ಹೆಚ್ಚಿದಷ್ಟೂ ಅದು ವೃತ್ತವನ್ನು ಹೋಲುತ್ತದೆ, ಆದರೆ ಎಂದಿಗೂ ವೃತ್ತವಾಗುವುದಿಲ್ಲ. ಮನುಷ್ಯನ ಬುದ್ಧಿಗೂ ಸತ್ಯಕ್ಕೂ ಇರುವ ಸಂಬಂಧ ಇಂತಹುದು. ಎಲ್ಲವನ್ನೂ ಅರಿತೆನೆಂದು ಯಾರೂ ಬೀಗುವಂತಿಲ್ಲ; ಪ್ರಯತ್ನ ವ್ಯರ್ಥವೆಂದು ಯಾರೂ ಕೈಬಿಡುವಂತೆಯೂ ಇಲ್ಲ.

ಉಪಮೆಯು ಪ್ರಮಾಣವಲ್ಲವೆಂಬುದನ್ನು ಮಾತ್ರ ಮರೆಯಬಾರದು. ರೇಖಾಗಣಿತದ ಪ್ರಮೇಯವನ್ನು ಸಾಧಿಸಿದಂತೆ ದೇವರನ್ನು ಹಲಗೆಯ ಮೇಲೆ ಸಾಧಿಸಿ ತೋರಿಸಲು ಬಾರದು. ನಂಬಿಕೆಯ ಲೆಕ್ಕ ತಾಳೆಯಾಗುವುದು ನಡತೆಯಲ್ಲಿ. ನಿಕೋಲಸನು ಅದನ್ನೂ ಮಾಡಿ ತೋರಿಸಿದನು. ತನ್ನ ಹುಟ್ಟೂರಿನಲ್ಲಿ ಬಡ ವೃದ್ಧರಿಗಾಗಿ ಒಂದು ಆಶ್ರಯಧಾಮವನ್ನು ಕಟ್ಟಿಸಿ, 33 ಮಂದಿಗೆ ಸ್ಥಳ ಕಲ್ಪಿಸಿದನು. ಯೇಸು ಭೂಮಿಯ ಮೇಲೆ ಬಾಳಿದನೆಂದು ಹೇಳುವ ವರ್ಷಗಳು 33. ಆ ನೆನಪಿಗಾಗಿಯೇ ಅಷ್ಟು ಮಂದಿ. ಆ ಧಾಮವು ಇಂದಿಗೂ ವೃದ್ಧರ ಆಶ್ರಯವಾಗಿಯೇ ಉಳಿದಿದೆ. ಪುಸ್ತಕದಲ್ಲಿ ಬರಿಯ ಅಂಕಿಯಾಗಿದ್ದುದು ಅಲ್ಲಿ 33 ಮಂದಿಯ ಅನ್ನವೂ ಹಾಸಿಗೆಯೂ ಆಯಿತು.

ಸಂಬಳದ ದಿನ ಹಣವನ್ನು ಎಣಿಸುವಾಗ, ಕಾಹಿಲೆ ಬಿದ್ದ ಜೊತೆಗಾರನಿಗೋ ಊರಿನ ಶಾಲೆಗೋ ಕೊಟ್ಟದ್ದು ಎಷ್ಟು ರೂಪಾಯಿ ಎಂದು ನಾವೆಲ್ಲರೂ ಬರೆದಿಡುತ್ತೇವೆ. ಇದ್ದುದರಲ್ಲಿ ಅದು ಎಷ್ಟನೆಯ ಪಾಲು ಎಂಬುದನ್ನೂ ವಾಚಕರು ಒಮ್ಮೆ ಲೆಕ್ಕ ಹಾಕಿ ನೋಡಲಿ ಎಂದು ನಮ್ಮ ವಿನಂತಿ.