ಎಲೆಯಡಿಕೆ, ಹೊಗೆಸೊಪ್ಪು ಮತ್ತು ಬಾಯಿಯ ಆರೋಗ್ಯ



ಮನೆಗೆ ಬಂದವರಿಗೆ ಎಲೆಯಡಿಕೆಯ ತಟ್ಟೆ ಮುಂದಿಡುವುದು ನಮ್ಮ ಮಲೆನಾಡಿನ ಮರ್ಯಾದೆ. ಅಡಿಕೆ ತೋಟವನ್ನೇ ನಂಬಿ ಬದುಕುವ ಕುಟುಂಬಗಳೂ ಈ ಪತ್ರಿಕೆಯ ಓದುಗರಲ್ಲಿ ಅನೇಕವಿವೆ. ಆದ್ದರಿಂದ ಈ ವಿಷಯ ಬರೆಯಲು ನಮಗೆ ಸಂಕೋಚವಿತ್ತು. ಒಬ್ಬ ರೋಗಿ ಆ ಸಂಕೋಚವನ್ನು ಬಿಡಿಸಿದರು.

ಭದ್ರಾವತಿಯಿಂದ ಬಂದಿದ್ದ ಆ ಯುವಕ "ಖಾರ ತಿಂದರೆ ಬಾಯಿ ಉರಿಯುತ್ತದೆ" ಎಂದರು. ಪಿತ್ತವೆಂದು ತಿಳಿದು ಔಷಧ ಕೊಟ್ಟೆವು. ನಾಡಿ ನೋಡಿದೆವು, ಬಾಯಿ ನೋಡಲಿಲ್ಲ. ಕೆಲವು ತಿಂಗಳ ಬಳಿಕ ಮತ್ತೆ ಬಂದಾಗ ಮುದ್ದೆಯ ತುತ್ತು ಒಳಗೆ ಹೋಗುವಷ್ಟು ಬಾಯಿ ತೆರೆಯುತ್ತಿರಲಿಲ್ಲ. ಕೆನ್ನೆಯ ಒಳಭಾಗ ಬಿಳಿಚಿ, ಹಗ್ಗದಂತೆ ಬಿಗಿದಿತ್ತು. ದಿನವೂ ಪಾನ್ ಮಸಾಲಾ ಅಗಿಯುವುದನ್ನು ಅವರು ಹೇಳಿರಲಿಲ್ಲ, ನಾವೂ ಕೇಳಿರಲಿಲ್ಲ.

ಯೆಮನ್, ಇಥಿಯೋಪಿಯ ದೇಶಗಳಲ್ಲಿ ಜನರು ಖಾತ್ ಎಂಬ ಗಿಡದ ಎಳೆಯ ಎಲೆಗಳನ್ನು ಗಂಟೆಗಟ್ಟಲೆ ದವಡೆಯಲ್ಲಿಟ್ಟು ಅಗಿಯುತ್ತಾರೆ; ಅದರ ಕ್ಯಾಥಿನೋನ್ ನರಗಳನ್ನು ಕೆರಳಿಸಿ ಹಸಿವು, ನಿದ್ರೆಗಳನ್ನು ಅಡಗಿಸುತ್ತದೆ. ನಮ್ಮ ಅಡಿಕೆಯಲ್ಲಿರುವ ಅರೆಕೋಲಿನ್ ಸಹ ನರಗಳನ್ನು ಚುರುಕುಗೊಳಿಸಿ ಚಟ ಹಿಡಿಸುತ್ತದೆ. ಅಷ್ಟೇ ಅಲ್ಲ, ಅದು ಕೆನ್ನೆಯ ಒಳಪೊರೆಯಲ್ಲಿ ನಾರಿನ ಅಂಶವನ್ನು ಹೆಚ್ಚಿಸಿ, ಮೃದುವಾದ ಚರ್ಮವನ್ನು ಗಡುಸಾಗಿಸುತ್ತದೆ. ಸುಣ್ಣವು ಒಳಪೊರೆಯನ್ನು ಸುಟ್ಟು, ಹೊಗೆಸೊಪ್ಪಿನ ನಿಕೋಟಿನ್ ಬೇಗ ರಕ್ತಕ್ಕೆ ಸೇರುವಂತೆ ಮಾಡುತ್ತದೆ.

"ಆಯುರ್ವೇದವೇ ತಾಂಬೂಲವನ್ನು ಹೇಳಿದೆಯಲ್ಲವೇ?" ಎಂದು ಹಲವರು ಕೇಳುತ್ತಾರೆ. ನಿಜ, ಅಷ್ಟಾಂಗಹೃದಯದ ದಿನಚರ್ಯೆಯಲ್ಲಿ ಅದು ಬರುತ್ತದೆ. ಆದರೆ ಗಾಯ, ರಕ್ತಪಿತ್ತ, ಕ್ಷಯ ಮೊದಲಾದವುಗಳಿಂದ ಬಳಲುವವರಿಗೆ ತಾಂಬೂಲ ಹಿತವಲ್ಲವೆಂದು ಅದೇ ಗ್ರಂಥ ಎಚ್ಚರಿಸುತ್ತದೆ. ಹೊಗೆಸೊಪ್ಪಂತೂ ಪೋರ್ಚುಗೀಸರ ಕಾಲದಲ್ಲಿ ಹೊರಗಿನಿಂದ ಬಂದದ್ದು. ಪ್ರಾಚೀನ ತಾಂಬೂಲದಲ್ಲಿ ಅದಿರಲಿಲ್ಲ. ಹೊಗೆಸೊಪ್ಪಿಲ್ಲದಿದ್ದರೆ ಭಯವಿಲ್ಲವೆನ್ನುವುದೂ ತಪ್ಪು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2003ರಲ್ಲಿ ಅಡಿಕೆಯನ್ನೇ ಮನುಷ್ಯರಿಗೆ ಕ್ಯಾನ್ಸರ್‌ಕಾರಕವೆಂದು ನಿರ್ಣಯಿಸಿತು. ಕರ್ನಾಟಕದಲ್ಲಿ 2013ರಲ್ಲಿ ಗುಟ್ಕಾ ನಿಷೇಧವಾದರೂ, ಪಾನ್ ಮಸಾಲಾ ಮತ್ತು ಹೊಗೆಸೊಪ್ಪಿನ ಚೀಟಿಗಳನ್ನು ಬೇರೆಬೇರೆಯಾಗಿ ಕೊಂಡು ಬೆರೆಸಿಕೊಳ್ಳುವವರಿದ್ದಾರೆ.

ಅಗಿಯುವ ಅಭ್ಯಾಸವುಳ್ಳವರು ತಿಂಗಳಿಗೊಮ್ಮೆ ಕನ್ನಡಿಯ ಮುಂದೆ ನಿಂತು ಪರೀಕ್ಷಿಸಿಕೊಳ್ಳಬೇಕು. ತಮ್ಮದೇ ಮೂರು ಬೆರಳುಗಳು ಒಂದರ ಮೇಲೊಂದರಂತೆ ಹಲ್ಲುಗಳ ನಡುವೆ ಸೇರುತ್ತವೆಯೇ? ಬಿಳಿಯ ಅಥವಾ ಕೆಂಪು ಮಚ್ಚೆಗಳಿವೆಯೇ? ಎರಡು-ಮೂರು ವಾರ ಕಳೆದರೂ ಮಾಯದ ಹುಣ್ಣು, ಕತ್ತಿನಲ್ಲಿ ಗಂಟು ಇದೆಯೇ? ಇವುಗಳಲ್ಲಿ ಒಂದು ಕಂಡರೂ ತಡಮಾಡದೆ ದಂತವೈದ್ಯರನ್ನೋ, ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯನ್ನೋ ಕಾಣಿರಿ. ಎಣ್ಣೆ ಮುಕ್ಕಳಿಸುವುದು ಬಾಯಿಗೆ ಹಿತವೇ. ಆದರೆ ಅನುಮಾನದ ಹುಣ್ಣಿಗೆ ಚೂರು ತೆಗೆದು ಪರೀಕ್ಷಿಸುವುದಕ್ಕೆ ಅದು ಬದಲಿಯಲ್ಲವೆಂದು ಆಯುರ್ವೇದ ವೈದ್ಯರಾಗಿಯೇ ಹೇಳುತ್ತೇವೆ.

ಬಿಟ್ಟವರಿಗೆ ಮೊದಲ ಕೆಲವು ದಿನ ಸಿಡಿಮಿಡಿ, ತಲೆನೋವು, ಚಡಪಡಿಕೆ ಸಹಜ. ಆಸೆ ಎದ್ದಾಗ ನೀರು ಕುಡಿದು, ಸೋಂಪು, ಏಲಕ್ಕಿ ಅಥವಾ ಒಣ ನೆಲ್ಲಿಚೆಟ್ಟನ್ನು ಬಾಯಿಗೆ ಹಾಕಿಕೊಳ್ಳಬಹುದು. ಬಾಯಿ ಉರಿಯಿದ್ದವರಿಗೆ ನೀರೇ ಸಾಕು. ಸರ್ಕಾರದ ಉಚಿತ ಸಹಾಯವಾಣಿ 1800-11-2356ಕ್ಕೆ ಕರೆಮಾಡಿದರೆ ಬಿಡಲು ಮಾರ್ಗದರ್ಶನ ದೊರೆಯುತ್ತದೆ.

ಆ ಯುವಕ ಅಗಿಯುವುದನ್ನು ಬಿಟ್ಟಿದ್ದಾರೆ. ಬಿಗಿತ ಪೂರ್ತಿ ಹೋಗಿಲ್ಲ, ಹೋಗುವುದೂ ಕಷ್ಟ, ಆದರೆ ಹೆಚ್ಚಿಲ್ಲ. ಈ ಸ್ಥಿತಿ ಮುಂದೆ ಕ್ಯಾನ್ಸರ್‌ಗೆ ತಿರುಗಬಹುದಾದ್ದರಿಂದ ಅವರು ನಿಯಮಿತವಾಗಿ ತಪಾಸಣೆಗೆ ಹೋಗುತ್ತಿರುವರು. ನಾವು ಈಗ ಬಾಯಿ ಉರಿಯೆಂದು ಬಂದ ಪ್ರತಿಯೊಬ್ಬರ ಬಾಯಿಯನ್ನೂ ದೀಪ ಹಿಡಿದು ನೋಡುತ್ತೇವೆ. ತಟ್ಟೆಯ ಗೌರವ ಪೂಜೆಯಲ್ಲಿ, ಮಂಗಳಕಾರ್ಯಗಳಲ್ಲಿ ಉಳಿಯಲಿ. ಮಕ್ಕಳ ಕೈಗೆ ಮಾತ್ರ ಅದು ಅಗಿಯುವ ಚಟವಾಗಿ ದಾಟದಿರಲಿ.