ಆಡಿದವರು, ಆಡಿಸಿದವರು: ಕಬಡ್ಡಿ ಕೋಚ್ ಬಿ.ಸಿ. ರಮೇಶ್

ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಕಡೆಯಿಂದ ಹಾಸನಕ್ಕೆ ಓದೋಕೆ ಬಂದವರಿಗೆ ಕಬಡ್ಡಿ ಹೊಸದಲ್ಲ. ಊರ ಟೂರ್ನಮೆಂಟಿನಲ್ಲಿ ಚೆನ್ನಾಗಿ ಆಡೋ ಅಣ್ಣನೇ ಕ್ಯಾಪ್ಟನ್, ಅವನೇ ಕೋಚ್. ಆದರೆ ಆಡುವುದು ಬೇರೆ, ಆಡಿಸುವುದು ಬೇರೆ. ಎರಡರಲ್ಲೂ ಗೆದ್ದ ಕನ್ನಡಿಗರು ಬಿ.ಸಿ. ರಮೇಶ್. ಆಟಗಾರರಾಗಿ 2001ರ ಅರ್ಜುನ ಪ್ರಶಸ್ತಿ ಪಡೆದರು. ಕೋಚ್ ಆಗಿ ಬೆಂಗಾಲ್ ವಾರಿಯರ್ಸ್ ಮತ್ತು ಪುಣೇರಿ ಪಲ್ಟನ್ ತಂಡಗಳಿಗೆ ಮೊದಲ ಪ್ರೊ ಕಬಡ್ಡಿ ಕಪ್ ತಂದುಕೊಟ್ಟರು.

ಕೋಚ್‌ಗೆ ಇರೋ ನಿಜವಾದ ತಲೆನೋವು ಏನು? ಆಟದ ನಿಯಮದಲ್ಲೇ ಉತ್ತರ ಇದೆ. ಕ್ರಿಕೆಟ್‌ನಲ್ಲಿ ಔಟಾದ ಬ್ಯಾಟರ್ ಆ ಇನಿಂಗ್ಸ್‌ಗೆ ಮುಗಿದ. ಕಬಡ್ಡಿಯಲ್ಲಿ ಔಟಾದವನು ವಾಪಸ್ ಬರಬಹುದು, ಆದರೆ ಒಳಗಿರುವವರು ಎದುರಾಳಿಯನ್ನು ಔಟ್ ಮಾಡಿದರೆ ಮಾತ್ರ. ಅಂದರೆ ಸ್ಟಾರ್ ರೈಡರ್ ಸಿಕ್ಕಿಬಿದ್ದಾಗ ಅವನನ್ನು ಒಳಗೆ ತರುವ ಕೆಲಸ ಉಳಿದವರದ್ದು. ಒಬ್ಬನನ್ನೇ ನಂಬಿದ ತಂಡ ಅಲ್ಲೇ ಕುಸಿಯುತ್ತೆ. ಏಳೂ ಜನ ಹೊರಗೆ ಹೋದರೆ ಆಲ್ ಔಟ್, ಎದುರಾಳಿಗೆ ಇನ್ನೂ 2 ಅಂಕ.

2019ರ ಅಕ್ಟೋಬರ್ 19, ಅಹಮದಾಬಾದ್. ಫೈನಲ್‌ನಲ್ಲಿ ಬೆಂಗಾಲ್‌ಗೆ ಎದುರಾಗಿದ್ದು ದಬಾಂಗ್ ಡೆಲ್ಲಿ. ಬೆಂಗಾಲ್ ನಾಯಕ, ಮುಖ್ಯ ರೈಡರ್ ಮಣಿಂದರ್ ಸಿಂಗ್ ಗಾಯಗೊಂಡು ಹೊರಗಿದ್ದರು. ಆರಂಭದಲ್ಲಿ ಡೆಲ್ಲಿಯದ್ದೇ ಮೇಲುಗೈ. ಅವರ ನವೀನ್ ಕುಮಾರ್ ಒಬ್ಬರೇ 18 ಅಂಕ ಹೊಡೆದರು. ಬೆಂಗಾಲ್‌ನಲ್ಲಿ ಕೆಲಸ ಹಂಚಿಹೋಗಿತ್ತು: ಇರಾನಿನ ನಬೀಬಕ್ಷ್ 10 ಅಂಕ, ನಮ್ಮ ಕರ್ನಾಟಕದ ಸುಕೇಶ್ ಹೆಗ್ಡೆ 8. ಕೊನೆಗೆ 39-34, ಕಪ್ ಬೆಂಗಾಲ್‌ಗೆ. ಸ್ಟಾರ್ ಇಲ್ಲದ ದಿನಕ್ಕೂ ತಂಡ ತಯಾರಿತ್ತು. ಅದು ಒಂದು ಸಂಜೆಯಲ್ಲಿ ಆಗುವ ಕೆಲಸ ಅಲ್ಲ.

ಪುಣೆಯಲ್ಲಿ ತಾಳ್ಮೆ ಬೇಕಾಯಿತು. 2022ರ ಡಿಸೆಂಬರ್ ಫೈನಲ್‌ನಲ್ಲಿ ಜೈಪುರದ ವಿರುದ್ಧ 29-33ರಲ್ಲಿ ಸೋಲು. ಅಸ್ಲಂ ಇನಾಮದಾರ್, ಪಂಕಜ್ ಮೋಹಿತೆಯಂಥ ಹುಡುಗರನ್ನು ಬಿಟ್ಟುಕೊಡದೆ ಮುಂದಿನ ಸೀಸನ್‌ಗೆ ಮತ್ತೆ ಬಂದರು. 2024ರ ಮಾರ್ಚ್ 1ರಂದು ಹೈದರಾಬಾದಿನಲ್ಲಿ ಹರಿಯಾಣ ವಿರುದ್ಧ 28-25ರಲ್ಲಿ ಗೆದ್ದರು. 2025ರ ಸೀಸನ್‌ಗೆ ರಮೇಶ್ ಬೆಂಗಳೂರು ಬುಲ್ಸ್ ಕೋಚ್ ಆದರು.

ಆಟ ಇಷ್ಟ, ಆದರೆ ರಾಜ್ಯ ತಂಡದವರೆಗೆ ಹೋಗೋಕೆ ಆಗಲಿಲ್ಲ ಅನ್ನುವವರಿಗೂ ಇಲ್ಲೊಂದು ದಾರಿ ಇದೆ. ಕೋಚಿಂಗ್ ಕಲಿಸೋಕೆ ಅಂತಲೇ ಪಟಿಯಾಲದಲ್ಲಿ 1961ರಿಂದ ರಾಷ್ಟ್ರೀಯ ಕ್ರೀಡಾ ಸಂಸ್ಥೆ ಇದೆ.

ಸದ್ಯಕ್ಕೆ ಇಂಟರ್ ಕಾಲೇಜ್ ಟೂರ್ನಿಗೆ ಟೀಮ್ ಕಟ್ಟುತ್ತಿರುವವರು ಒಂದು ಕೆಲಸ ಮಾಡಿ ನೋಡಿ. ಪ್ರಾಕ್ಟೀಸ್‌ನಲ್ಲಿ ನಿಮ್ಮ ಬೆಸ್ಟ್ ರೈಡರನ್ನು ಹತ್ತು ನಿಮಿಷ ಹೊರಗೆ ಕೂರಿಸಿ. ಆಗ ಯಾರು ಅಂಕ ತರ್ತಾರೆ ಅಂತ ಬರೆದಿಟ್ಟುಕೊಳ್ಳಿ. ಯಾರೂ ತರದಿದ್ದರೆ, ಅಭ್ಯಾಸ ಎಲ್ಲಿಂದ ಶುರು ಮಾಡಬೇಕು ಅಂತ ಗೊತ್ತಾಗುತ್ತೆ.